ಅಜ್ಜಿ ಮನೆ ಬೀದಿಯಲ್ಲಿ ಸೈಕಲ್, ನಮ್ಮ ಮನೆ ಬೀದಿಯಲ್ಲಿ ಸ್ಕೂಟರ್

ಪಿ.ಟಿ. ಟೀಚರ್‌ಗೆ ಒಂದು ಪ್ರಶ್ನೆ

(ಅಂಕಣಕಾರ್ತಿ 31 ವರ್ಷ ಸರ್ಕಾರಿ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿಯಾಗಿದ್ದವರು. ಈಗ ಮೈಸೂರಿನಲ್ಲಿದ್ದಾರೆ. ಈ ಸಲ ಶಾಲೆಯ ದಾರಿಯ ಬಗ್ಗೆ ಬಂದ ಪತ್ರಗಳನ್ನು ಆರಿಸಿಕೊಂಡಿದ್ದಾರೆ.)

ಪ್ರಶ್ನೆ: ಮೇಡಂ, ನನ್ನ ಮಗ ಒಂಬತ್ತನೇ ಕ್ಲಾಸ್. ಶಾಲೆ ಮನೆಯಿಂದ ಒಂದೂವರೆ ಕಿಲೋಮೀಟರ್ ಕೂಡ ಇಲ್ಲ. ಆದರೂ ದಿನಾ ನಾನೇ ಸ್ಕೂಟರ್‌ನಲ್ಲಿ ಬಿಟ್ಟು ಬರಬೇಕು. ಆಸೆಪಟ್ಟ ಅಂತ ಗೇರ್ ಸೈಕಲ್ ಕೊಡಿಸಿದೆವು. ಅದು ಮೆಟ್ಟಿಲ ಕೆಳಗೆ ದೂಳು ಹಿಡಿಯುತ್ತಿದೆ. ನಡೆದು ಹೋಗು ಅಂದರೆ ಮುಖ ಊದಿಸಿಕೊಳ್ಳುತ್ತಾನೆ. ನಾನು ಅವನ ವಯಸ್ಸಿನಲ್ಲಿ ಮೂರು ಕಿಲೋಮೀಟರ್ ನಡೆಯುತ್ತಿದ್ದೆ. ತಮಾಷೆ ಅಂದರೆ, ದಸರಾ ರಜೆಯಲ್ಲಿ ಸರಸ್ವತಿಪುರಂನ ಅಜ್ಜಿ ಮನೆಗೆ ಹೋದಾಗ ಸೋದರಮಾವನ ಹಳೇ ಸೈಕಲ್ ಬಿಟ್ಟು ಕೆಳಗೇ ಇಳಿಯುವುದಿಲ್ಲ. ಇದು ಸೋಮಾರಿತನ ಅಲ್ವಾ? ಹೇಗೆ ಬಿಡಿಸಲಿ?
— ಒಬ್ಬ ತಾಯಿ, ಮೈಸೂರು

ಉತ್ತರ: ಅಲ್ಲಮ್ಮ. ಸೋಮಾರಿ ಹುಡುಗ ಅಜ್ಜಿ ಮನೆಯಲ್ಲೂ ಸೋಮಾರಿಯಾಗಿಯೇ ಇರುತ್ತಾನೆ. ಅಲ್ಲಿ ಹೋದಾಗ ಅವನ ಕಾಲು ಬದಲಾಗಲಿಲ್ಲ. ಬೀದಿ ಬದಲಾಯಿತು.

ನೀವು ಪತ್ರದಲ್ಲಿ ವಿಳಾಸ ಬರೆದಿದ್ದಿರಿ (ಇಲ್ಲಿ ಹಾಕಿಲ್ಲ, ಹೆದರಬೇಡಿ). ನಾನೂ ಇದೇ ಊರಿನವಳು, ಸುಮ್ನೆ ಕೂತು ಉತ್ತರ ಬರೆಯಲು ಮನಸ್ಸಾಗಲಿಲ್ಲ. ಒಂದು ಮಂಗಳವಾರ ಬೆಳಗ್ಗೆ ಎಂಟಕ್ಕೆ ನಿಮ್ಮ ಗೇಟಿನಿಂದ ಶಾಲೆಯ ಗೇಟಿನವರೆಗೆ ನಡೆದೆ. ನನಗೆ 63 ವರ್ಷ, ಬಲಮಂಡಿ ಸ್ವಲ್ಪ ತಕರಾರು. 28 ನಿಮಿಷ ಹಿಡಿಯಿತು. ನಿಮ್ಮ ಮಗನಿಗೆ 18 ಸಾಕು.

ಮೊದಲು ಫುಟ್‌ಪಾತ್. ನಿಮ್ಮ ರಸ್ತೆಯಲ್ಲಿ ಅದು ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಪ್ರತಿ ಮನೆಯವರೂ ಕಾರು ಹತ್ತಿಸಲು ಅದರ ಮೇಲೆ ಇಳಿಜಾರು ಕಟ್ಟಿಸಿದ್ದಾರೆ. ಹನ್ನೊಂದು ಸಲ ಹತ್ತಿ ಇಳಿದೆ. ಹನ್ನೆರಡನೇ ಮನೆಯವರು ಫುಟ್‌ಪಾತಿಗೇ ಬೇಲಿ ಹಾಕಿ ದಾಸವಾಳ ಬೆಳೆಸಿದ್ದಾರೆ. ಆಮೇಲೆ ಒಂದು ಟ್ರಾನ್ಸ್‌ಫಾರ್ಮರ್. ಅದರ ಪಕ್ಕ ಚರಂಡಿಯ ಚಪ್ಪಡಿ ಎದ್ದುಹೋಗಿದೆ. ರಸ್ತೆಗಳ ಅಳತೆ ಗೊತ್ತುಮಾಡುವ ಎಂಜಿನಿಯರುಗಳ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನವರ ಪ್ರಕಾರ ಫುಟ್‌ಪಾತಿನಲ್ಲಿ ನಡೆಯಲು ಯಾವ ಅಡ್ಡಿಯೂ ಇಲ್ಲದ ಜಾಗ ಕನಿಷ್ಠ 1.8 ಮೀಟರ್ ಇರಬೇಕು. ಅಂದರೆ ನನ್ನ ಛತ್ರಿ ಎರಡು ಸಲ ಮಲಗಿಸಿದಷ್ಟು. ಒಂದು ಛತ್ರಿಗೂ ಜಾಗ ಸಿಗಲಿಲ್ಲ. ಆ ಕಾಂಗ್ರೆಸ್ ಕಾಣದಿದ್ದರೂ ಖಾಲಿ ಸೈಟುಗಳ ಮುಂದೆ ಕಾಂಗ್ರೆಸ್ ಗಿಡ ಮಾತ್ರ ಎರಡು ಛತ್ರಿ ಅಗಲಕ್ಕೆ ಬೆಳೆದಿತ್ತು.

ಮುಂದಿನದು ನನಗೇ ಇಷ್ಟವಾಗಲಿಲ್ಲ. ಸುಮಾರು ಇನ್ನೂರು ಹೆಜ್ಜೆ ಎರಡೂ ಕಡೆ ಎತ್ತರದ ಕಾಂಪೌಂಡ್. ಒಂದು ಬಾಗಿಲಿಲ್ಲ, ಕಿಟಕಿಯಿಲ್ಲ, ಅಂಗಡಿಯಿಲ್ಲ. ಕಸ ಸುರಿಯುವ ಮೂಲೆಯಲ್ಲಿ ಐದು ನಾಯಿ. ಅವು ನನ್ನನ್ನು ಏನೂ ಮಾಡಲಿಲ್ಲ, ನಿಧಾನಕ್ಕೆ ಹೋಗುವ ಮುದುಕಿ ಅಂತ ಬಿಟ್ಟವು. ಸೈಕಲ್ ಚಕ್ರ ತಿರುಗುವುದನ್ನು ಕಂಡರೆ ಬಿಡುವುದಿಲ್ಲ, ಅದು ನಿಮಗೂ ಗೊತ್ತು. ನಿಮ್ಮ ಮಗ ಇದನ್ನು ಮನೆಯಲ್ಲಿ ಹೇಳಿದ್ದಾನಾ? ಹೇಳಿರಲಾರ. ಹದಿನಾಲ್ಕು ವರ್ಷದ ಹುಡುಗರು "ನಾಯಿಗೆ ಹೆದರುತ್ತೇನೆ" ಅನ್ನುವುದಿಲ್ಲ. "ಬೋರು" ಅನ್ನುತ್ತಾರೆ.

ಕೊನೆಗೆ ಮುಖ್ಯರಸ್ತೆ. ಸಿಗ್ನಲ್ ಇಲ್ಲ, ಪೊಲೀಸರಿಲ್ಲ, ಬಿಳಿ ಪಟ್ಟಿ ಎಂದೋ ಅಳಿಸಿಹೋಗಿದೆ. ನಾಲ್ಕು ನಿಮಿಷ ನಿಂತೆ. ಹೂವಿನ ಬುಟ್ಟಿ ಹೊತ್ತ ಒಬ್ಬಾಕೆ ಕೈ ಅಡ್ಡ ಹಿಡಿದು ನುಗ್ಗಿದಳು, ನಾನು ಅವಳ ಸೆರಗಿನ ಹಿಂದೆ ದಾಟಿಕೊಂಡೆ. ಆಚೆ ಶಾಲೆ ಗೇಟಿನ ಮುಂದೆ ಜಾತ್ರೆ. ಅಪ್ಪಂದಿರ ಕಾರು, ಅಮ್ಮಂದಿರ ಸ್ಕೂಟರ್, ಆಟೋ, ವ್ಯಾನ್. ಆ ಸಂದಿಯಲ್ಲಿ ಸೈಕಲ್ ತಂದಿದ್ದ ಮೂರೇ ಮೂರು ಹುಡುಗರು ಹ್ಯಾಂಡಲ್ ಎತ್ತಿ ಹಿಡಿದು ನುಸುಳುತ್ತಿದ್ದರು. ಗಾಡಿ ಜಾಸ್ತಿ, ಮಗು ಒಂಟಿಯಾಗಿ ಹೋಗುವುದು ಬೇಡ ಅಂತ ಎಲ್ಲರೂ ಗಾಡಿ ತರುತ್ತಾರೆ. ಅದರಿಂದಲೇ ಗಾಡಿ ಜಾಸ್ತಿಯಾಗಿದೆ. ಬೇಜಾರು ಮಾಡಿಕೊಳ್ಳಬೇಡಿ, ಆ ಗುಂಪಿನಲ್ಲಿ ನಿಮ್ಮ ಸ್ಕೂಟರೂ ಒಂದು.

ಸಂಜೆ ಸರಸ್ವತಿಪುರಂಗೂ ಹೋದೆ. ನ್ಯಾಯ ಎರಡೂ ಕಡೆ ಇರಲಿ ಅಂತ. ಅಲ್ಲಿ ಮೇನ್, ಕ್ರಾಸ್ ಅಂತ ಬೀದಿಗಳು ಹೆಣೆದುಕೊಂಡಿವೆ. ದೊಡ್ಡ ರಸ್ತೆಯಲ್ಲಿ ಗಾಡಿ ಜಾಸ್ತಿಯಾದರೆ ಪಕ್ಕದ ಕ್ರಾಸ್ ಹಿಡಿದರಾಯಿತು. ಮರದ ನೆರಳಿದೆ. ಮನೆಗಳ ಬಾಗಿಲು ಬೀದಿಗೇ ತೆರೆಯುತ್ತದೆ. ಮೂಲೆಯಲ್ಲಿ ಇಸ್ತ್ರಿ ಗಾಡಿ, ಅದರಾಚೆ ಪಂಕ್ಚರ್ ಅಂಗಡಿ, ಜಗಲಿ ಮೇಲೆ ಯಾರೋ ಸೊಪ್ಪು ಬಿಡಿಸುತ್ತಿದ್ದಾರೆ. ನಿಮ್ಮ ಮಗ ಅಲ್ಲಿ ಬಿದ್ದರೆ "ಅಯ್ಯೋ, ಇಂಥವರ ಮೊಮ್ಮಗ ಅಲ್ವಾ" ಅಂತ ಮೂರು ಜನ ಎದ್ದು ಬರುತ್ತಾರೆ. ನಿಮ್ಮ ಬಡಾವಣೆಯಲ್ಲಿ ಬಿದ್ದರೆ ಸಿಸಿ ಕ್ಯಾಮೆರಾ ಮಾತ್ರ ನೋಡುತ್ತದೆ. ಅದು ಎದ್ದು ಬರುವುದಿಲ್ಲ.

ಮೈಸೂರಿನಲ್ಲಿ ಬಡಾವಣೆ ಯೋಜಿಸಲೆಂದೇ 1903ರಲ್ಲಿ ಟ್ರಸ್ಟ್ ಬೋರ್ಡ್ ಮಾಡಿದ್ದರು. 2017ರಲ್ಲಿ ಬಾಡಿಗೆ ಸೈಕಲ್‌ಗಳ 'ಟ್ರಿಣ್ ಟ್ರಿಣ್' ಶುರುವಾದದ್ದೂ ಇಲ್ಲೇ. ಇಂಥ ಊರಿನಲ್ಲಿ ಒಬ್ಬ ಹುಡುಗ ಒಂದೂವರೆ ಕಿಲೋಮೀಟರ್ ಹೋಗಲು ಹಿಂಜರಿಯುತ್ತಾನೆ ಅಂದರೆ ಬೇಸರವಾಗುತ್ತದೆ. ನೀವು ನಡೆದ ಮೂರು ಕಿಲೋಮೀಟರ್ ಬಗ್ಗೆಯೂ ಒಂದು ಮಾತು ಕೇಳಲಾ? ಆ ದಾರಿಯಲ್ಲಿ ದಿನಕ್ಕೆ ಎಷ್ಟು ಕಾರು ಬರುತ್ತಿದ್ದವು? ಜೊತೆಗೆ ಎಷ್ಟು ಗೆಳತಿಯರಿದ್ದರು? ಅವನಿಗೆ ದೂರವನ್ನು ಮಾತ್ರ ಹೋಲಿಸಿ ಹೇಳಬೇಡಿ, ಇದನ್ನೂ ಹೇಳಿ.

ಈಗ ಮಾಡುವ ಕೆಲಸ. ಭಾನುವಾರ ಬೆಳಗ್ಗೆ ಅವನ ಜೊತೆ ನಡೆಯಿರಿ. ನೀವು ದಾರಿ ತೋರಿಸಬೇಡಿ, ಅವನು ಮುಂದೆ ಹೋಗಲಿ. ಎಲ್ಲಿ ಹೆಜ್ಜೆ ಜೋರಾಗುತ್ತದೆ, ಎಲ್ಲಿ ರಸ್ತೆಯ ಆ ಬದಿಗೆ ಹೋಗುತ್ತಾನೆ, ಸುಮ್ಮನೆ ನೋಡಿ. ಬಾಯಿ ಹೇಳದ್ದನ್ನು ಕಾಲು ಹೇಳುತ್ತದೆ. ನಾನು ವಾಪಸ್ ಬರುವಾಗ ಕಾಂಪೌಂಡ್ ರಸ್ತೆ ಬಿಟ್ಟು ಹಾಲಿನ ಬೂತ್ ಇರುವ ಹಿಂದಿನ ಕ್ರಾಸ್ ಹಿಡಿದೆ. ಮುನ್ನೂರು ಹೆಜ್ಜೆ ಜಾಸ್ತಿ. ಆದರೆ ಬಾಗಿಲುಗಳಿವೆ, ಜನ ಇದ್ದಾರೆ, ನಾಯಿ ಒಂದೇ, ಅದೂ ಮಲಗಿತ್ತು. ಆ ಕ್ರಾಸ್ ಮುಖ್ಯರಸ್ತೆ ಸೇರುವ ಕಡೆ ರಸ್ತೆ ಉಬ್ಬು ಇದೆ, ಗಾಡಿಗಳು ನಿಧಾನ ಮಾಡಲೇಬೇಕು. ದಾಟಬೇಕಾದ್ದು ಅಲ್ಲಿ. ಸೈಕಲ್‌ನಿಂದ ಇಳಿದು ತಳ್ಳಿಕೊಂಡು ದಾಟಲಿ. ಹತ್ತಿಕೊಂಡೇ ಬಲಕ್ಕೆ ತಿರುಗುವ ಶೌರ್ಯ ಬೇಡ.

ಮೊದಲು ಶನಿವಾರಗಳಲ್ಲಿ ಶುರುಮಾಡಿ. ಅವತ್ತು ಬೆಳಗಿನ ತರಗತಿ, ಬ್ಯಾಗೂ ಹಗುರ. ಒಂಬತ್ತು, ಹತ್ತನೇ ತರಗತಿಯವರ ಬ್ಯಾಗ್ 4ರಿಂದ 5 ಕಿಲೋ ಮೀರಬಾರದು ಅಂತ ರಾಜ್ಯ ಸರ್ಕಾರದ 2019ರ ಸುತ್ತೋಲೆಯೇ ಇದೆ. ಅವನದನ್ನು ಒಮ್ಮೆ ತೂಕ ಹಾಕಿ ನೋಡಿ. ಅದೇ ಕ್ರಾಸಿನಲ್ಲಿ ಅದೇ ಶಾಲೆಯ ಒಬ್ಬನಾದರೂ ಇರುತ್ತಾನೆ, ಹುಡುಕಿ. ಜೊತೆ ಸಿಕ್ಕರೆ ಈ ವಯಸ್ಸಿನವರು ನರಕಕ್ಕೂ ನಡೆದುಕೊಂಡು ಹೋಗುತ್ತಾರೆ.

ಆ ಗೇರ್ ಸೈಕಲ್‌ಗೆ ಮಡ್‌ಗಾರ್ಡ್ ಇದೆಯಾ? ಹೆಚ್ಚಿನವಕ್ಕೆ ಇರುವುದಿಲ್ಲ, ಕ್ಯಾರಿಯರ್ ಕೂಡ. ಮಳೆಯಲ್ಲಿ ಹೋದರೆ ಸೊಂಟದಿಂದ ಕುತ್ತಿಗೆವರೆಗೆ ಬಿಳಿ ಅಂಗಿ ಮೇಲೆ ಕೆಸರಿನ ಒಂದು ಗೆರೆ. ಇಡೀ ಕ್ಲಾಸ್ ನಗುತ್ತದೆ. ನನ್ನ ಶಾಲೆಯ ಎಷ್ಟೋ ಹುಡುಗರು ಸೈಕಲ್ ಬಿಟ್ಟದ್ದು ಜೂನ್ ಜುಲೈನಲ್ಲಿ, ಆ ಒಂದು ಗೆರೆಗೆ. ಸೈಕಲ್ ಅಂಗಡಿಯಲ್ಲಿ ಮಡ್‌ಗಾರ್ಡ್ ಹಾಕಿಸಿಕೊಡಿ.

ಪ್ರಶ್ನೆ: ಅಕ್ಕೋರೇ, ನಮಸ್ಕಾರ. ನಮ್ಮ ಊರಿಂದ ಹೈಸ್ಕೂಲಿಗೆ ನಾಲ್ಕು ಕಿಲೋಮೀಟರ್. ಬೆಳಗ್ಗೆ ಬಸ್ ಇದೆ. ಸಂಜೆ ಸ್ಪೆಷಲ್ ಕ್ಲಾಸ್ ಬಿಡುವಷ್ಟರಲ್ಲಿ ಬಸ್ ಹೋಗಿರುತ್ತದೆ. ನಾವು ಮೂರು ಮಂದಿ ಹುಡುಗಿಯರು ನಡೆದು ಬರುತ್ತೇವೆ. ದಾರಿಯ ಎರಡೂ ಕಡೆ ಗೋವಿನಜೋಳ ನಮ್ಮ ತಲೆ ಮೀರಿ ಬೆಳೆದಿದೆ. ಹಳ್ಳದ ಸೇತುವೆ ಮೇಲೆ ಕೆಲವರು ಬೈಕ್ ನಿಲ್ಲಿಸಿಕೊಂಡು ಕೂತು ಏನೇನೋ ಅನ್ನುತ್ತಾರೆ. ಮನೆಯಲ್ಲಿ ಹೇಳಿದರೆ ಶಾಲೆ ಬಿಡಿಸುತ್ತಾರೆ ಅಂತ ಹೆದರಿಕೆ. ಅಕ್ಕನ ಸೈಕಲ್ ಇದೆ. ಅದರಲ್ಲಿ ಹೋದರೆ ಹೇಗೆ?
— ಹತ್ತನೇ ತರಗತಿ ವಿದ್ಯಾರ್ಥಿನಿ, ಹಾವೇರಿ ಜಿಲ್ಲೆ

ಉತ್ತರ: 'ಅಕ್ಕೋರೇ' ಅಂತ ಕರೆಸಿಕೊಂಡು ಎಷ್ಟು ವರ್ಷವಾಯಿತು ಗೊತ್ತಾ ಮಗಳೇ. ನನ್ನ ಮೊದಲ ನಾಲ್ಕು ವರ್ಷದ ಕೆಲಸ ನಿಮ್ಮ ಕಡೆಯೇ. ಆ ಕೆಂಪು ದಾರಿಗಳು, ಹಳ್ಳದ ಸೇತುವೆಗಳು ಕಣ್ಣಿಗೆ ಕಟ್ಟಿದಂತಿವೆ.

ಮೊದಲು ಸೇತುವೆ ಮೇಲಿನವರ ವಿಷಯ. ಇದರಲ್ಲಿ ನಿಮ್ಮ ಮೂವರದು ಏನೇನೂ ತಪ್ಪಿಲ್ಲ. 18 ವರ್ಷದೊಳಗಿನ ಹುಡುಗಿಯರಿಗೆ ಅಂಥ ಮಾತಾಡುವುದು, ಹಿಂದೆ ಬೀಳುವುದು ಪೋಕ್ಸೊ ಕಾಯ್ದೆಯಲ್ಲಿ ಅಪರಾಧ. ಮೂವರೂ ಒಟ್ಟಿಗೆ ಹೋಗಿ ನಿಮಗೆ ನಂಬಿಕೆ ಇರುವ ಅಕ್ಕೋರಿಗೋ ಹೆಡ್‌ಮಾಸ್ತರರಿಗೋ ಹೇಳಿ. ನಾಳೆಯೇ ಹೇಳಿ. ಒಬ್ಬಳೇ ಹೇಳಿದರೆ ಅವಳ ಹೆಸರು ಊರಲ್ಲಿ ಓಡಾಡುತ್ತದೆ, ಮೂವರು ಹೇಳಿದರೆ ಅದು ಶಾಲೆಯ ವಿಷಯವಾಗುತ್ತದೆ. 1098 ಮಕ್ಕಳ ಸಹಾಯವಾಣಿ, ಯಾವ ಫೋನಿಂದಲಾದರೂ ಉಚಿತ. ಆ ಕ್ಷಣಕ್ಕೆ ತೊಂದರೆಯಾದರೆ 112.

ಮನೆಯಲ್ಲಿ ಮುಚ್ಚಿಡಬೇಡ. ಆದರೆ ಹೇಳುವ ರೀತಿ ಇದೆ. "ಸೇತುವೆ ಮೇಲೆ ಹಿಂಗಾತು" ಅಂತ ಶುರುಮಾಡಿದರೆ ಅಪ್ಪನಿಗೆ ಭಯ ಮಾತ್ರ ಕೇಳಿಸುತ್ತದೆ. "ಸರ್‌ಗೆ ಹೇಳೇವಿ, ಅವರು ಹಿಂಗ ಮಾಡ್ತೀನಂದಾರ, ನೀವೂ ಬರ್ರಿ" ಅಂದರೆ ಅವರಿಗೆ ಒಂದು ಕೆಲಸ ಸಿಗುತ್ತದೆ. ಕೆಲಸ ಸಿಕ್ಕ ಅಪ್ಪಂದಿರು ಶಾಲೆ ಬಿಡಿಸುವುದು ಕಡಿಮೆ.

ಇನ್ನು ಸೈಕಲ್. ಖಂಡಿತ ಹೋಗಿ, ಆದರೆ ಮೂವರೂ ಸೈಕಲ್ ಮೇಲೆ. ಒಬ್ಬಳು ಸೈಕಲ್, ಇಬ್ಬರು ಕಾಲ್ನಡಿಗೆ ಆದರೆ ಉಪಯೋಗವಿಲ್ಲ. ನಮ್ಮ ರಾಜ್ಯದಲ್ಲಿ ಎಂಟನೇ ತರಗತಿಯವರಿಗೆ 2006–07ರಿಂದ ಸೈಕಲ್ ಕೊಡುತ್ತಿದ್ದರು, ಕೊರೊನಾ ಕಾಲಕ್ಕೆ ಅದು ನಿಂತಿತು. ಹಾಗಾಗಿ ಅಕ್ಕಂದಿರ ಸೈಕಲ್ ನಿಮ್ಮ ಊರಿನ ಇನ್ನೂ ಎಷ್ಟೋ ಮನೆಗಳಲ್ಲಿ ಗೋಡೆಗೆ ಒರಗಿರುತ್ತವೆ. ಕೇಳಿ ತೆಗೆದುಕೊಳ್ಳಿ.

ಆ ಸೈಕಲ್‌ಗಳು ಮೊದಲ ಸಲ ಬಂದಾಗ ನಾನು ಮಂಡ್ಯ ಕಡೆಯ ಶಾಲೆಯಲ್ಲಿದ್ದೆ. ಲಾರಿಯಲ್ಲಿ ಬಿಡಿಭಾಗ ಬಂದವು, ಮೈದಾನದಲ್ಲೇ ಜೋಡಿಸಿದರು. ಹುಡುಗಿಯರಲ್ಲಿ ಅರ್ಧ ಜನಕ್ಕೆ ಹತ್ತಲು ಬರುತ್ತಿರಲಿಲ್ಲ. ಎರಡು ವಾರ ನನ್ನ ಪೀರಿಯಡ್‌ನಲ್ಲಿ ಖೊಖೊ ಇಲ್ಲ, ಕಬಡ್ಡಿ ಇಲ್ಲ, ಕ್ಯಾರಿಯರ್ ಹಿಡಿದುಕೊಂಡು ಓಡುವುದೇ. ಆಮೇಲೆ ಒಂದು ವಿಚಿತ್ರ ಕಂಡೆ. ಒಂದೇ ದೂರದ ಎರಡು ಹಳ್ಳಿ. ಒಂದರ ಹುಡುಗಿಯರು ವರ್ಷವಿಡೀ ಸೈಕಲ್‌ನಲ್ಲಿ ಬರುತ್ತಿದ್ದರು. ಇನ್ನೊಂದರವರು ಕೆಲವು ತಿಂಗಳು ಬಂದು, ಆಮೇಲೆ ನಿಲ್ಲಿಸಿ, ಮತ್ತೆ ಬರುತ್ತಿದ್ದರು. ಯಾಕೆ ಅಂತ ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ಕಬ್ಬು! ಎರಡನೇ ಹಳ್ಳಿಯ ದಾರಿ ಗದ್ದೆಗಳ ನಡುವೆ. ಕಬ್ಬು ಎದೆಮಟ್ಟ ದಾಟಿದರೆ ಆ ಕಡೆ ಈ ಕಡೆ ಏನೂ ಕಾಣದು. ಕಟಾವಾದ ಮಾರನೇ ವಾರ ಹುಡುಗಿಯರು ಮತ್ತೆ ಸೈಕಲ್ ಏರುತ್ತಿದ್ದರು. ನಿನ್ನ ಗೋವಿನಜೋಳವೂ ಅದೇ ಅಲ್ವಾ?

ಬಿಹಾರದಲ್ಲೂ 2006ರಲ್ಲಿ ಹೈಸ್ಕೂಲ್ ಹುಡುಗಿಯರಿಗೆ ಸೈಕಲ್ ಯೋಜನೆ ಬಂತು. ಅದನ್ನು ಇಬ್ಬರು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ನೋಡಿದಾಗ ಸರಿಯಾದ ವಯಸ್ಸಿಗೆ ಪ್ರೌಢಶಾಲೆ ಸೇರಿದ ಹುಡುಗಿಯರು 32% ಹೆಚ್ಚಿದ್ದರು. ಮೂರು ಕಿಲೋಮೀಟರ್‌ಗಿಂತ ದೂರದ ಹಳ್ಳಿಗಳಲ್ಲೇ ಹೆಚ್ಚು ಉಪಯೋಗವಾಗಿತ್ತು. ಈ ಮಾತನ್ನು ನಿಮ್ಮ ಅಪ್ಪನಿಗೂ ಓದಿ ಹೇಳು.

ಇನ್ನೆರಡು ಕೆಲಸ ದೊಡ್ಡವರಿಂದ ಆಗಬೇಕು. ಸ್ಪೆಷಲ್ ಕ್ಲಾಸನ್ನು ಬೆಳಗ್ಗೆ ಇಟ್ಟುಕೊಳ್ಳಬಹುದಾ, ಇಲ್ಲವೇ ಸಂಜೆ ಬಸ್ಸಿನ ಸಮಯ ಬದಲಿಸಿ ಅಂತ ಡಿಪೋ ಮ್ಯಾನೇಜರ್‌ಗೆ ಹೆಡ್‌ಮಾಸ್ತರರು ಪತ್ರ ಬರೆಯಬಹುದಾ, ಕೇಳಿ. ಪತ್ರದ ಜೊತೆ ಎಷ್ಟು ಮಕ್ಕಳು ಅಂತ ಪಟ್ಟಿ ಇರಲಿ. ಇನ್ನೊಂದು, ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಲೇಬೇಕು. ಅಲ್ಲಿ ಎದ್ದು ನಿಂತು ಸೇತುವೆಗೆ ಒಂದು ದೀಪ ಕೇಳು. ದಾರಿಯ ಅಂಚಿನ ಪೊದೆ ಸವರಿಸಿ ಅಂತ ಕೇಳು. ಕೇಳಿದ್ದು ಪುಸ್ತಕದಲ್ಲಿ ಬರೆಯುವ ತನಕ ಕೂತುಕೊಳ್ಳಬೇಡ. ಏನಾಯಿತು ಅಂತ ನನಗೆ ಮತ್ತೆ ಪತ್ರ ಬರೆ. ಹಾಂ, ದುಪಟ್ಟಾ ಬಿಗಿಯಾಗಿ ಕಟ್ಟಿಕೊ, ಚೈನಿಗೆ ಸಿಕ್ಕೀತು.

ಪ್ರಶ್ನೆ: ಮಗನಿಗೆ ಹದಿನಾರು. ಸೈಕಲ್ ಅಂದರೆ ಅವಮಾನವಂತೆ. ಸ್ನೇಹಿತರೆಲ್ಲ ಸ್ಕೂಟರ್‌ನಲ್ಲಿ ಬರುತ್ತಾರಂತೆ. ಟ್ಯೂಷನ್ ಹತ್ತಿರವೇ ಇದೆ, ನನ್ನ ಗಾಡಿ ಕೊಡಲಾ?
— ಒಬ್ಬ ತಂದೆ, ಬೆಂಗಳೂರು

ಉತ್ತರ: ಕೊಡಬೇಡಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿ ಪ್ರಕಾರ ಮಗ ಸಿಕ್ಕಿಬಿದ್ದರೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಅದೂ ನಿಮಗೆ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಮಗನಿಗೆ 25 ವರ್ಷದವರೆಗೆ ಲೈಸೆನ್ಸ್ ಇಲ್ಲ. ಲೈಸೆನ್ಸ್ ಬೇಡದ ಬ್ಯಾಟರಿ ಗಾಡಿ ಇದೆಯಲ್ಲ ಅನ್ನುತ್ತೀರಿ. ಗಂಟೆಗೆ 25 ಕಿಲೋಮೀಟರ್ ಮೀರದವು, ನಿಜ. ಆದರೆ ನಿಮ್ಮ ಬೀದಿಯ ಗುಂಡಿಗಳಿಗೆ ಅದು ಗೊತ್ತಿರುವುದಿಲ್ಲ. ಅವಮಾನದ ಔಷಧ ಬೇರೆ. ಅವನ ಸ್ನೇಹಿತರಲ್ಲಿ ಒಬ್ಬನಾದರೂ ಸೈಕಲ್ ಏರುವಂತೆ ಅವರಪ್ಪನ ಹತ್ತಿರ ನೀವೇ ಮಾತಾಡಿ. ಇಬ್ಬರಾದರೆ ಅದು ಅವಮಾನವಲ್ಲ, ಗುಂಪು.

ಪ್ರಶ್ನೆ: ನಾವು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿದ್ದೇವೆ. ಹದಿಮೂರರ ಮಗಳು ದಿನಾ ಐದು ಕಿಲೋಮೀಟರ್ ಒಬ್ಬಳೇ ಸೈಕಲ್‌ನಲ್ಲಿ ಶಾಲೆಗೆ ಹೋಗುತ್ತಾಳೆ, ಮಳೆಯಲ್ಲೂ. ದಾವಣಗೆರೆಯಿಂದ ಅತ್ತೆ ವಿಡಿಯೋ ಕಾಲ್ ಮಾಡಿ "ಹೆಣ್ಣುಮಗೂನ ಹಿಂಗ ಬಿಡ್ತಾರೇನು" ಅಂತ ಅಳುತ್ತಾರೆ. ಏನು ಹೇಳಲಿ?
— ಒಬ್ಬ ಸೊಸೆ

ಉತ್ತರ: ಅತ್ತೆಯವರ ಕಣ್ಣ ಮುಂದೆ ಇರುವುದು ದಾವಣಗೆರೆಯ ಹಳೇ ಪಿ.ಬಿ. (ಪುಣೆ–ಬೆಂಗಳೂರು) ರಸ್ತೆ ಕಣಮ್ಮ. ಅಲ್ಲಿ ಮೊಮ್ಮಗಳು ಸೈಕಲ್ ತುಳಿಯುತ್ತಿರುವಂತೆ ಕಾಣಿಸಿದರೆ ನಾನಾದರೂ ಅಳುತ್ತೇನೆ. ಬಾಯಿಮಾತು ಬೇಡ, ದಾರಿಯನ್ನೇ ತೋರಿಸಿ. ಒಂದು ಭಾನುವಾರ ಫೋನ್ ಹಿಡಿದು ಆ ಐದು ಕಿಲೋಮೀಟರ್ ನೀವು ನಡೆಯಿರಿ. ಕಾರುಗಳಿಂದ ಬೇರೆಯಾದ ಕೆಂಪು ಸೈಕಲ್ ದಾರಿ, ಸೈಕಲ್‌ಗೇ ಇರುವ ಸಿಗ್ನಲ್, ಎಲ್ಲ ಕಾಣಲಿ. ಅಲ್ಲಿಯ ಮಕ್ಕಳು ಪ್ರಾಥಮಿಕ ಶಾಲೆಯಲ್ಲೇ ಸೈಕಲ್ ಸಂಚಾರದ ಪರೀಕ್ಷೆ ಬರೆಯುತ್ತಾರೆ, ರಸ್ತೆಯಲ್ಲಿ ಓಡಿಸಿಯೂ ತೋರಿಸುತ್ತಾರೆ. ಮಗಳು ಬರೆದಿದ್ದರೆ ಆ ಸರ್ಟಿಫಿಕೇಟ್ ತೋರಿಸಿ, ಅಜ್ಜಿಯರು ಸರ್ಟಿಫಿಕೇಟಿಗೆ ಬೆಲೆ ಕೊಡುತ್ತಾರೆ.

ಇದನ್ನೂ ಹೇಳಿ. ಆ ದೇಶವೇನೂ ಮೊದಲಿಂದ ಹಾಗಿರಲಿಲ್ಲ. 1971ರ ಒಂದೇ ವರ್ಷ ಅಲ್ಲಿ 400ಕ್ಕೂ ಹೆಚ್ಚು ಮಕ್ಕಳು ರಸ್ತೆ ಅಪಘಾತದಲ್ಲಿ ಸತ್ತರು. 'ಮಕ್ಕಳ ಕೊಲೆ ನಿಲ್ಲಿಸಿ' ಅಂತ ತಂದೆತಾಯಂದಿರು ಬೀದಿಗೆ ಇಳಿದರು, ಸಂಘಟನೆಯ ಹೆಸರೇ ಅದು. ತೈಲ ಬೆಲೆ ಏರಿದ್ದೂ ಸೇರಿಕೊಂಡಿತು. ಆಮೇಲೆ ಒಂದೊಂದೇ ಬೀದಿ ಬದಲಾಯಿತು. ಅತ್ತೆಗೆ ಇದು ಅರ್ಥವಾಗುತ್ತದೆ. ಅವರು ಅಳುತ್ತಿರುವುದು ಆ ತಾಯಂದಿರು ಅತ್ತ ಕಾರಣಕ್ಕೇ.

ಪ್ರಶ್ನೆ: ನಾನು ನಿವೃತ್ತ ನೌಕರ. ನಮ್ಮ ಮನೆ ಮುಂದೆ ಬೆಳಗ್ಗೆ ಎಂಟೂವರೆಗೆ ಹೈಸ್ಕೂಲ್ ಮಕ್ಕಳ ಸೈಕಲ್ ದಂಡು. ಬೆಲ್ಲು, ಕೂಗಾಟ, ಪೇಪರ್ ಓದಲು ಬಿಡುವುದಿಲ್ಲ. ನಮ್ಮ ನಾಯಿಯೂ ಅವರನ್ನು ಕಂಡು ಗೇಟ್ ಹಾರಲು ನೋಡುತ್ತದೆ. ದಾರಿ ಬದಲಿಸಲು ಶಾಲೆಗೆ ದೂರು ಕೊಡಲೇ?
— ಓದುಗ, ಶಿವಮೊಗ್ಗ

ಉತ್ತರ: ಸಾರ್, ಆ ಮಕ್ಕಳು ಊರಿನ ಅಷ್ಟೂ ಬೀದಿಗಳಲ್ಲಿ ನಿಮ್ಮದನ್ನೇ ಆರಿಸಿಕೊಂಡಿದ್ದಾರೆ. ಯಾಕೆ ಅಂತ ಯೋಚಿಸಿದ್ದೀರಾ? ಬಹುಶಃ ನೀವು ಅಲ್ಲಿ ಪೇಪರ್ ಓದುತ್ತಾ ಕೂತಿರುತ್ತೀರಿ ಅಂತ. ಈ ಸಲದ ಮೊದಲ ಪತ್ರ ಓದಿ, ಆ ಬೀದಿಯಲ್ಲಿ ಇಲ್ಲದೇ ಇದ್ದದ್ದು ನಿಮ್ಮಂಥ ಒಬ್ಬರು. ದೂರು ಬೇಡ. ಕುರ್ಚಿಯನ್ನು ಇನ್ನು ಸ್ವಲ್ಪ ಗೇಟಿನ ಹತ್ತಿರ ಹಾಕಿಕೊಳ್ಳಿ. ನಾಯಿಯನ್ನು ಮಾತ್ರ ಎಂಟು ಗಂಟೆಯಿಂದ ಒಂಬತ್ತರವರೆಗೆ ಹಿತ್ತಲಲ್ಲಿ ಕಟ್ಟಿ.